ಪಚಕ್

ಕುಕ್ಸ್‌ಹಾಫನ್, ಮೂರನೇ ಮಹಡಿ. ಕಡಲು ಇಳಿದ ಹೊತ್ತು.
ಶೆಫೀಲ್ಡಿನವರ ದೋಣಿ ರೇಡಿಯೋಗೆ ನಾನು ಜರ್ಮನ್ ಹೊಲಿಯುತ್ತಿದ್ದೇನೆ.
ಐವತ್ತೈದು ಅಕ್ಷರ ತುಂಬಿದರೆ ಒಂದು ಸಾಲು,
ಸಾಲಿಗೊಂದು ಯೂರೋ, ಮೇಲೆ ಹತ್ತು ಸೆಂಟು.
ಖಾಲಿ ಜಾಗಕ್ಕೂ ಕಾಸುಂಟು,
ಯೋಚಿಸಿದ್ದಕ್ಕಿಲ್ಲ.

ಪುಟ ಹನ್ನೊಂದು: ಸ್ಕ್ವೆಲ್ಚ್.
ನಿಘಂಟು ತಡವರಿಸದೆ ಹೇಳುತ್ತದೆ: ರೌಶ್‌ಶ್ಪೆರ.
ಮೊರೆತಕ್ಕೆ ಹಾಕಿದ ಅಗುಳಿ.
ಸರಿ, ನಮ್ಮ ಭಾಷೆಯೇ ಹಾಗೆ,
ಎರಡು ಹಲಗೆ ಸೇರಿಸಿ ಮೊಳೆ ಹೊಡೆದು ಬಾಗಿಲು ಎನ್ನುತ್ತದೆ.
ಆದರೆ ಆಂಗ್ಲರು ಇದನ್ನು ಯಾಕೆ ಹಾಗೆ ಕರೆದರು?
ಬಾಯಲ್ಲಿಟ್ಟು ನೋಡಿದೆ. ಒದ್ದೆ ಒದ್ದೆ.

ಎಲ್ಲ ಪದವೂ ಹೀಗೆ ಕಾಡುವುದಿಲ್ಲ.
ಆಂಟೆನಾ ಎರಡೂ ದಡದಲ್ಲಿ ಆಂಟೆನಾ.
ಅವರ ರಿಯಾಕ್ಟನ್ಸು ಮಾತ್ರ ಗಡಿ ದಾಟುವಾಗ ಕಣ್ಣು ಕಳಕೊಂಡು
'ಕುರುಡು ತಡೆ'ಯಾಗಿ ಗೋಡೆ ಸವರುತ್ತ ಬರುತ್ತದೆ.
ಅವರು ಗದ್ದಲ ಎಂದು ಬರೆದಲ್ಲೆಲ್ಲ ನಾವು ರೌಷೆನ್:
ಬೀಚ್ ಮರದ ಎಲೆಗೂ ಎಲ್ಬೆ ನದಿಗೂ
ಕೆಟ್ಟುಹೋದ ಟೆಲಿಫೋನಿಗೂ ಒಂದೇ ಮೊರೆತ.
ಗದ್ದಲವನ್ನು ಮೇಷ್ಟರೊಬ್ಬರು ಬೆತ್ತ ಕುಟ್ಟಿ ಸುಮ್ಮನಾಗಿಸಬಹುದು.
ಮೊರೆತಕ್ಕೆ ಅಗುಳಿ ಹಾಕಲು
ಕೈ ಹಿಂಜರಿಯುತ್ತದೆ.

ಕೆಳಮನೆಯ ಎಗ್ಗರ್ಟ್ ಲ್ಯೂರ್ಸ್, ವಯಸ್ಸು ಎಂಬತ್ತಮೂರು,
ಇಪ್ಪತ್ತಾರು ವರ್ಷ ಬಾಳೆಹಣ್ಣಿನ ಹಡಗುಗಳಲ್ಲಿ ರೇಡಿಯೋ ಆಫೀಸರು,
ಈಗ ನನ್ನ ಪದಗಳ ಡಾಕ್ಟರು.
ಫೀಸು: ಹೊಗೆಯಲ್ಲಿ ಬೆಂದ ಒಂದು ಹಾವುಮೀನು.
"ಪದ ಆಮೇಲೆ," ಅಂದ. "ಮೊದಲು ಬೂಟು ಹಾಕು."

ನೀರು ಕಣ್ಣಿಗೆ ಕಾಣದಷ್ಟು ದೂರ ಸರಿದಿತ್ತು.
ದ್ವೀಪದವರೆಗೂ ಕೆಸರು, ಕೆಸರಿನ ಮೇಲೆ ಆಕಾಶ,
ಯಾವುದು ಯಾವುದರ ಅನುವಾದವೋ.
ಎಡಗಾಲಿಟ್ಟೆ. ಎತ್ತಿದೆ.
ಪಚಕ್.
ಬಲಗಾಲು.
ಪಚಕ್.
ಅವನು ತಿರುಗಿ ನಿಂತು ನಕ್ಕ: "ನೋಡು, ಸ್ಕ್ವೆಲ್ಚ್!
ಲಿವರ್‌ಪೂಲಿನವರ ಬೂಟು ಹೀಗೇ ಮಾತಾಡುವುದು."
ಯಾವನೋ ಎಂಜಿನಿಯರು, ಮಳೆಯಲ್ಲಿ ಮನೆಗೆ ನಡೆದ ಸಂಜೆ,
ಕಾಲಡಿಯ ಸದ್ದನ್ನೇ ಎತ್ತಿ ಯಂತ್ರಕ್ಕೆ ಇಟ್ಟಿರಬೇಕು.
ಮೂವತ್ತು ಸಾಲಿನ ಸಂಪಾದನೆಯ ಹೊತ್ತನ್ನು
ಒಂದು ಸದ್ದಿಗೆ ಖರ್ಚುಮಾಡಿ
ಮೊಣಕಾಲವರೆಗೆ ಅರ್ಥವಾಗಿ ನಿಂತೆ.

ಆಗ ಅವನು ಕಿವಿಯಿಂದ ಯಂತ್ರ ತೆಗೆದು
ಅಂಗೈ ಮೇಲಿಟ್ಟ, ಒಂದು ಗೋಡಂಬಿಯಷ್ಟು.
"ಇದರೊಳಗೂ ಅದೇ ಅಗುಳಿ ಕೂರಿಸಿದ್ದಾರೆ, ವೀಬ್ಕೆ.
ನಿನ್ನ ಮಾತು ಬಿಡುತ್ತದೆ, ಟೀವಿ ಬಿಡುತ್ತದೆ,
ಕಡಲನ್ನು ಮಾತ್ರ ಗದ್ದಲವೆಂದು ಹೊರಗೇ ನಿಲ್ಲಿಸುತ್ತದೆ.
ಹಡಗಿನಲ್ಲಿ ನಾನು ರಾತ್ರಿಯಿಡೀ ತೆರೆದೇ ಇಡುತ್ತಿದ್ದೆ.
ಪಕ್ಕದ ಬಂಕಿನವನು ಬೈದು ಬೈದು ನಿದ್ದೆಹೋಗುತ್ತಿದ್ದ.
ಯಾರದೋ ಮೊರೆ ಆ ಮೊರೆತದ ಒಳಗೇ ಇರುತ್ತದೆ.
ಅದು ಬೇರೆ ಬಾಗಿಲಿನಿಂದ ಬರುವುದಿಲ್ಲ."

ಪುಟ ಹನ್ನೊಂದರ ಇಂಗ್ಲಿಷು ಹೇಳುವುದಿಷ್ಟೆ:
ಗದ್ದಲ ಅಡಗುವವರೆಗೆ ಗುಂಡಿ ತಿರುಗಿಸಿ.
ನಾನು ಬರೆದೆ: ಮೊರೆತ ಅಡಗುವವರೆಗೆ, ಅದರಾಚೆ ಬೇಡ,
ದೂರದಿಂದ ಕೂಗುವವರೂ ಅಡಗಿಹೋಗುತ್ತಾರೆ.
ಮೂಲದಲ್ಲಿಲ್ಲದ ಒಂದೂವರೆ ಸಾಲು.
ಗುರುವಾರ ಶೆಫೀಲ್ಡಿನ ಪ್ರೂಡೆನ್ಸ್ ಆಕ್ರಾಯ್ಡ್
ಅದಕ್ಕೆ ಹಳದಿ ಬಳಿದು ಕಳಿಸಿದಳು: ಇದೆಲ್ಲಿಂದ ಬಂತು?
'ಕೆಸರಿನಿಂದ' ಎಂದು ಟೈಪಿಸಿ, ಅಳಿಸಿ,
'ಸುರಕ್ಷತೆಯ ದೃಷ್ಟಿಯಿಂದ' ಎಂದೆ.
ಇನ್ನೂ ಉತ್ತರವಿಲ್ಲ.

ಈಗ ನನ್ನ ಮೇಜಿನ ಮೇಲೆ ಅವನ ಕಿವಿಯಂತ್ರದ ಕೈಪಿಡಿ,
ಯಾವ ಜರ್ಮನನಿಗೂ ತಿಳಿಯದ ಜರ್ಮನ್ನಿನಲ್ಲಿ.
ನನ್ನಂಥವಳೇ ಯಾರೋ ಬರೆದದ್ದು, ಬೂಟಿಲ್ಲದೆ, ಅವಸರದಲ್ಲಿ.
ಅಗುಳಿ ಯಾವ ಪುಟದಲ್ಲಿದೆ ಹುಡುಕುತ್ತಿದ್ದೇನೆ.
ಇದಕ್ಕೆ ಸಾಲಿನ ಲೆಕ್ಕವಿಲ್ಲ.
ಮೆಟ್ಟಿಲ ಮೇಲೆ ಹೊಗೆಮೀನಿನ ವಾಸನೆ ಏರಿಬರುತ್ತಿದೆ.
ಈ ಸಲ ಫೀಸು ನನಗೆ.