ಪಾಸಂಗ

ತಕ್ಕಡಿ ಖಾಲಿ ಇದ್ದಾಗಲೇ ನೋಡಬೇಕು, ಅಂತಿದ್ದ ನಮ್ಮಪ್ಪ.
ಮಾಲು ಬಿದ್ದ ಮ್ಯಾಲ ಎಲ್ಲಾ ತಕ್ಕಡಿನೂ ಸಾವಕಾರನ ಮಾತೇ ಆಡ್ತಾವ.
ಯಾವ ಪರಡಿ ಹಗುರದ ನೋಡು, ಅದರ ಕೊಂಡಿಗೆ
ಒಂದು ಹಳ್ಳು ಕಟ್ಟು. ಅದಕ್ಕ ಪಾಸಂಗ ಅಂತಾರ.

ಸೊಲ್ಲಾಪುರದ ಮಂಗಳವಾರ ಪೇಟಿಯೊಳಗ ನಾ ಕಲಿತದ್ದು ಇಷ್ಟ.

ಮೊದಲು ಜ್ವಾಳ ಬರ್ತಿತ್ತು, ಮಂಗಳವೇಢೆ ಕಡಿಂದ,
ರಾತ್ರಿಯೆಲ್ಲಾ ನಡದ ಬಂಡಿ, ಮುತ್ತಿನಂಥ ಕಾಳು.
ಅಳಿಯೋ ದೌಲತ್‌ರಾಯ ಒಂದು ಅಂತಿರಲಿಲ್ಲ, ‘ಲಾಭ’ ಅಂತಿದ್ದ.
ಲಾಭ, ಎರಡು, ಮೂರು...
ಯಾರ ಲಾಭ ಅಂತ ಬಂಡಿಯವ್ರು ಕೇಳಲಿಲ್ಲ.

ಆಮ್ಯಾಲ ಗಿರಣಿ. ಭೋಂಗಾ ಊದಿದ್ರ
ಅರ್ಧ ಚಾ ಬಿಟ್ಟು ಓಣಿಗೆ ಓಣೀನೇ ಏಳ್ತಿತ್ತು.
ಬಂಡಿ ಹೊಡದವರ ಮಕ್ಕಳು ನೂಲಿನ ಖಾತೆಕ್ಕ ಸೇರಿದ್ರು,
ತಲಿಯಾಗ ಹತ್ತಿ ಎಳಿ, ಇಪ್ಪತ್ತಕ್ಕೇ ನೆರೆತವರ ಗತೆ.
ಅಲ್ಲಿ ದೊಡ್ಡ ಕಾಟಾ ಒಂದಿತ್ತು, ಆನಿ ನಿಲ್ಲೋವಂಥದು.
ವರ್ಷಕ್ಕೊಮ್ಮೆ ಅದರ ಹೊಟ್ಟಿಯೊಳಗ ಇಳಿದು
ಎಣ್ಣಿ ಬಿಡೋದು ನನ್ನ ಕೆಲಸ.

ಗಿರಣಿ ಮುಚ್ಚಿದಾಗ
ಆ ಕಾಟಾ ಬಿಚ್ಚಿ, ಇನ್ನೊಂದು ಕಾಟಾದ ಮ್ಯಾಲಿಟ್ಟು
ತೂಗಿದ್ರು ಗುಜರಿಯವ್ರು.
ಹದಿನಾಲ್ಕು ಕ್ವಿಂಟಲ್. ನಾನೇ ಓದಿ ಹೇಳಿದೆ.
ಮುಳ್ಳು ನಡುಗಲಿಲ್ಲ.

ಆವಾಗ ಮನಿ ನಡಸಿದಾಕಿ ನನ್ನ ಹೆಂಡತಿ ಕಾಶಿಬಾಯಿ.
ಮೊರದಾಗ ಎಲಿ, ಮಡಿಲಾಗ ತಂಬಾಕ,
ಬಾಗಲಾಗ ಕೂತು ಸಾವಿರದ ಲೆಕ್ಕದಾಗ ಬೀಡಿ.
ಕಾರಖಾನಿಯವ ಕೊಟ್ಟ ತಂಬಾಕ
ದಿನಾ ಎರಡು ತೊಲಿ ಕಡಿಮಿ.
ನಾ ಸಿಟ್ಟಿಗೆದ್ದೆ. ಆಕಿ ನಕ್ಕಳು:
“ಅದು ನೀನೇ ಸರಿಮಾಡಿ ಕೊಟ್ಟ ತಕ್ಕಡಿ.”

ಈಗ ಎಲ್ಲಾ ಅಂಗಡಿಯಾಗ ಕೆಂಪು ಅಂಕಿಯ ಯಂತ್ರ.
ಗಿರಣಿ ಜಾಗಾದಾಗ ದವಾಖಾನಿ, ಆರು ಮಜಲಾ.
ಹಸುಗೂಸು ತೂಗೋ ಕಾಟಾ ಕೆಟ್ಟದ ಅಂತ ಕರದ್ರು,
ಹೋಗಿ ಬಂದೆ ಹ್ವಾದ ವಾರ.
ಕೆಳಗ ಕೌಂಟರಿನಾಗ ನನ್ನ ಮಗಳು ವನಮಾಲಾ.
ಕಿವಿಗೆ ಫೋನು, ಬಾಯಾಗ ಮೂರು ಭಾಷೆ:
ಕನ್ನಡದಾಗ ಸಮಾಧಾನ, ಮರಾಠಿಯಾಗ ಬಿಲ್ಲು,
ತೆಲುಗಿನಾಗ ನಾಳೆ ಬರ್ರಿ.
ಸಂಜಿಗೆ ಗಂಟಲು ಕಟ್ಟಿರ್ತದ.
“ಅಪ್ಪಾ, ಇಷ್ಟು ಮಾತಿಗೆ
ಒಂಬತ್ತು ಸಾವಿರ ಸರಿ ಅದ ಏನು?”

ಜ್ವಾಳದ್ದು ಕೇಳಿದ್ರ ಹೇಳ್ತಿದ್ದೆ. ನೂಲಿಂದು ಕೇಳಿದ್ರ ಹೇಳ್ತಿದ್ದೆ.
ಮಾತಿಗೆ ಪರಡಿ ಎಲ್ಲಿ ಹಿಡೀಲಿ?

ಪೆಟಿಗಿಯೊಳಗ ಅಪ್ಪನ ಹಿತ್ತಾಳಿ ತಕ್ಕಡಿ ಅದ.
ರಾತ್ರಿ ತಗದು ಎತ್ತಿ ಹಿಡದೆ. ಖಾಲಿ.
ಒಂದೇ ಕಡೆ ಜಗ್ಗಲಿಕತ್ತಿತ್ತು.
ಹಳ್ಳು ಹುಡುಕಿದೆ. ಸಿಗಲಿಲ್ಲ.
ಕಾಶಿಬಾಯಿ ನೋಡ್ತಾ ಕೂತಿದ್ಲು,
ಕೈಯಾಗ ಎಲಿ ಕತ್ತರಿ, ಇನ್ನೂ.