ಹತ್ತಿಯ ಬಾಬ್ತು

ಮೂರು ದಿನ ನನಗೆ ಕೊಟ್ಟ ಕೆಲಸ
ಶಿವಾಜಿನಗರದ ಎಆರ್‌ಟಿ ಕೇಂದ್ರದ ಮೂಲೆಯಲ್ಲಿ
ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು
ನಿಮಿಷ ಎಣಿಸುವುದು.

ರಕ್ತ ತೆಗೆಯಲು ನಾಲ್ಕು.
ಡಾಕ್ಟರು ಏಳು, ಸೋಮವಾರವಾದರೆ ಮೂರು.
ಮಾತ್ರೆ ಕೊಟ್ಟು ಸಹಿ ಹಾಕಿಸಲು ಎರಡೂವರೆ.
ನಿಮಿಷವನ್ನು ಸಂಬಳದಿಂದ ಗುಣಿಸಿ
ಕಟ್ಟಡದ ಬಾಡಿಗೆ, ಫ್ರಿಜ್ಜಿನ ಕರೆಂಟು, ಸವಕಳಿ ಸೇರಿಸಿ
ತಲೆ ಎಣಿಕೆಯಿಂದ ಭಾಗಿಸಿದರೆ
ಒಬ್ಬ ಮನುಷ್ಯ, ಒಂದು ವರ್ಷ, ಇಷ್ಟು ರೂಪಾಯಿ.
ಅದನ್ನು ದೇಶದಿಂದ ಗುಣಿಸುವವರು ಬೇರೆ ಇದ್ದಾರೆ.

ನನ್ನ ಶೀಟಿನಲ್ಲಿ ಇಲ್ಲದ ಕೆಲಸ ಮಾಡುವವಳು
ಮುನಿರತ್ನಮ್ಮ.
ಹದಿನಾರು ವರ್ಷದಿಂದ ಅವಳೂ ಇದೇ ಕಿಟಕಿಯ ಸಾಲಿನವಳು,
ಲೆಕ್ಕದಲ್ಲಿ ಒಂದು ತಲೆ, ಒಂದು ಖರ್ಚು, ಅಷ್ಟೆ.
ಸೈಕಲ್ ಸ್ಟ್ಯಾಂಡಿನ ಪಕ್ಕದ ಕಟ್ಟೆಯ ಮೇಲೆ ಕೂತು
ಮಾತ್ರೆ ತಂದವರ ಡಬ್ಬಿ ಇಸಕೊಂಡು, ಮುಚ್ಚಳ ತೆಗೆದು
ಹತ್ತಿ ತುರುಕುತ್ತಾಳೆ.

ಯಾಕಮ್ಮ ಅಂದೆ.
ಒಂದು ಡಬ್ಬಿಯನ್ನು ನನ್ನ ಕಿವಿಯ ಹತ್ತಿರ ಆಡಿಸಿದಳು.
ಗಿಲಕ್ ಗಿಲಕ್.
'ಬಸ್ಸಲ್ಲಿ ಪಕ್ಕದ ಸೀಟೋರು ಕೇಳ್ತಾರೆ ಮೇಡಂ,
ಏನದು ಗಿಲಕಿ, ಮಗೂಗಾ ಅಂತ.
ಬಿಪಿ ಮಾತ್ರೆ ಅಂದ್ರೆ ಯಾವ ಡಾಕ್ಟ್ರು ಅಂತಾರೆ.
ಒಬ್ಬಳು ಅದಕ್ಕೇ ಹೆದರಿ
ಮಾರ್ಕೆಟ್ಟಿನ ಕಸದಲ್ಲಿ ಡಬ್ಬಿ ಬಿಸಾಕಿ
ಬರಿಗೈಲಿ ಮನೆಗೆ ಹೋದ್ಲು. ಆರು ತಿಂಗಳು.
ಆಮೇಲೆ ಬಂದ್ಲು.
ಬಂದ್ಲು ಅಂದ್ರೆ, ಎತ್ಕೊಂಡು ಬಂದ್ರು.'

ಹತ್ತಿಯ ಸುರುಳಿ ಎಷ್ಟು? ನೂರ ಎಂಬತ್ತು.
ಎಷ್ಟು ಡಬ್ಬಿಗೆ? ಅವಳು ಲೆಕ್ಕ ಇಟ್ಟಿಲ್ಲ,
ನಾನು ಇಟ್ಟೆ. ಮುನ್ನೂರು.
ಡಬ್ಬಿಗೆ ಅರವತ್ತು ಪೈಸೆ.
ದುಡ್ಡು ಯಾರದು ಅಂದರೆ
ಸೆರಗಿನ ತುದಿ ತೋರಿಸಿ ನಕ್ಕಳು,
ಅಲ್ಲಿ ಗಂಟೂ ಇರಲಿಲ್ಲ.

ಕಚೇರಿಗೆ ಬಂದು ಹೊಸ ಸಾಲು ಬರೆದೆ.
ಬಾಬ್ತು ನಲವತ್ತೇಳು: ಹತ್ತಿ.
ಹಂಪಣ್ಣ ಸರ್ ಕನ್ನಡಕ ಹಣೆಗೇರಿಸಿದರು.
'ಗಾಯಕ್ಕಾ?'
ಅಲ್ಲ ಸರ್, ಸದ್ದಿಗೆ.
ಸ್ವಲ್ಪ ಹೊತ್ತು ಕಿಟಕಿಯಾಚೆಯ ಮೆಟ್ರೋ ಕಂಬ ನೋಡಿದರು.
ಒಳ್ಳೆಯವರು. ಕೆಟ್ಟವರಾಗಿದ್ದರೆ
ಈ ಪದ್ಯ ಬರೆಯುವುದು ಸುಲಭವಿತ್ತು.

ಸಭೆಯ ಪರದೆಯಲ್ಲಿ ದೆಹಲಿಯ ಚೌಕದೊಳಗಿನವರು ಕೇಳಿದರು,
ಇದರಿಂದ ಎಷ್ಟು ಜನ ಚಿಕಿತ್ಸೆ ಬಿಡುವುದು ತಪ್ಪುತ್ತದೆ,
ಪುರಾವೆ?
ನನ್ನ ಹತ್ತಿರ ಇದ್ದದ್ದು ಒಂದೇ,
ಅದೂ ಕಿವಿಯಲ್ಲಿತ್ತು.
ನಾನು ಮ್ಯೂಟ್ ತೆಗೆಯುವುದರೊಳಗೆ
ಮುಂದಿನ ಬಾಬ್ತಿಗೆ ಹೋಗಿದ್ದರು,
ಪರೀಕ್ಷೆಯ ಕಿಟ್ಟು, ಡಾಲರಿನ ದರ.
ತಪ್ಪೇನಿಲ್ಲ. ಡಾಲರು ಒಂದು ರೂಪಾಯಿ ಏರಿದರೆ
ಎಷ್ಟೋ ತೋಳುಗಳು ಸಾಲಿನಿಂದ ಹೊರಗುಳಿಯುತ್ತವೆ.
ಅದಕ್ಕೂ ನನಗೆ ನಿದ್ದೆ ಬರುವುದಿಲ್ಲ.

ಸಂಜೆ ಸರ್ ನಲವತ್ತೇಳನ್ನು ಅಳಿಸಿ
ಹತ್ತಿಯನ್ನು ಕೊನೆಯ ಸಾಲಿನ ಸಾದಿಲ್ವಾರಿಗೆ ಹಾಕಿದರು.
ಟೀ ಬಿಸ್ಕತ್ತು, ಸೋರುವ ನಲ್ಲಿ, ಜೆರಾಕ್ಸ್ ಕಾಗದ,
ಆಯುಧಪೂಜೆಯ ಬೂದುಗುಂಬಳದ ಜೊತೆ.
'ಇರಲಿ ಬಿಡಮ್ಮ,
ಸಾದಿಲ್ವಾರಿನೊಳಗೆ ಯಾರೂ ಬಗ್ಗಿ ನೋಡೋದಿಲ್ಲ.'

ಯಾರೂ ಬಗ್ಗಿ ನೋಡದಿರಲಿ ಅಂತಲೇ ಅಲ್ಲವೆ
ಅವಳು ಹತ್ತಿ ತುರುಕುವುದು.

ಮನೆಯ ಬಸ್ಸು ಟ್ಯಾನರಿ ರಸ್ತೆಯ ಗುಂಡಿಗಿಳಿದು ಎದ್ದಿತು.
ಟಿಫನ್ ಡಬ್ಬಿ, ಬಳೆ, ಕಂಡಕ್ಟರನ ಚಿಲ್ಲರೆ,
ಕಿಟಕಿಯ ಸಡಿಲ ಗಾಜು, ಎಲ್ಲ ಒಟ್ಟಿಗೆ.
ಮುಂದಿನ ಸೀಟಿನ ಹೆಂಗಸು ತೊಡೆಯ ಮೇಲಿನ ಬ್ಯಾಗನ್ನು
ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು.
ಏನಿರಬಹುದು. ಸೊಪ್ಪು. ಮೊಟ್ಟೆ. ಏನೋ.
ಗೊತ್ತಿಲ್ಲದೆ ಕಿವಿಗೊಟ್ಟೆ.
ಆಮೇಲೆ ನಾಚಿಕೆಯಾಗಿ
ಇಯರ್‌ಫೋನ್ ತೆಗೆದು ಸಿಕ್ಕಿಸಿಕೊಂಡು
ಯಾವ ಹಾಡೂ ಹಾಕದೆ
ನನ್ನ ಸ್ಟಾಪಿನ ತನಕ ಕೂತೆ.