ಕಲಂ ಹನ್ನೊಂದು: ಬೇಲಿ

ಮರ, ಇಟ್ಟಿಗೆ, ಕಬ್ಬಿಣ, ವಿನೈಲು.
ಮನೆಮುಂದೆ ಇಷ್ಟೇ, ನಾಲ್ಕಡಿ ಮೀರಬಾರದು.
ಅರಿಜೋನಾದ ಬಿಸಿಲಲ್ಲಿ ಪುರಸಭೆಯ ಡೆಲ್ಬರ್ಟ್
ಟೇಪು ಎಳೆದು ನಿಂತ.

ಒಫೀಲಿಯಾ ನೆಟ್ಟದ್ದು ಒಕೊಟಿಯೊ ಕಡ್ಡಿ,
ಮೈಯೆಲ್ಲ ಮುಳ್ಳು, ತಂತಿಯಲ್ಲಿ ಹೆಣೆದದ್ದು.
ಅವಳಜ್ಜನ ಕೋಳಿಗೂಡಿಗೂ ಇದೇ ಇತ್ತು.
"ಇದು ಮರ," ಅಂದಳು.
"ಮರ ಅಂದರೆ ಹಲಗೆ," ಅಂದ. ಬರೆದುಕೊಂಡ.
ಮೂವತ್ತು ದಿನ ಗಡುವು.

ಪಕ್ಕದ ಮನೆಯದು ಬಿಳಿ ವಿನೈಲು,
ಕಟ್ಟಿಸಿದ ಹಲ್ಲಿನ ಹಾಗೆ. ತಕರಾರಿಲ್ಲ.

ಇಪ್ಪತ್ತೆರಡನೆಯ ದಿನ ಮಳೆ, ಒಂದೇ ಒಂದು.

ಮತ್ತೆ ಬಂದಾಗ ಕಡ್ಡಿಗೆಲ್ಲ ಎಲೆ,
ತುದಿಗೆ ಕೆಂಪು ಹೂ,
ಕೊಕ್ಕಿಟ್ಟು ಗಾಳಿಯಲ್ಲೇ ನಿಂತ ಝೇಂಕಾರ ಹಕ್ಕಿ.
ಫಾರಮ್ಮಿನ 'ಸಾಮಗ್ರಿ' ಎಂಬಲ್ಲಿ
ಪೆನ್ನೂ ನಿಂತಿತು.

"ಎತ್ತರ ಬರಕೋ," ಅಂದಳು.
"ಯಾವತ್ತಿನದು?" ಅಂದ ಡೆಲ್ಬರ್ಟ್,
ಟೇಪು ಸುತ್ತಿಕೊಳ್ಳುತ್ತ.